ಎಂಜಿನ್ ಆರುವ ತನಕ

ಅಲ್ಲ ಅಲ್ಲ, ಪೈಪು ಕೆಳಗಿಡಿ. ನಿಮಗೇ ಹೇಳ್ತಿರೋದು ಅಳಿಯಂದಿರೇ, ಕೆಳಗಿಡಿ. ಹೊತ್ತಿ ಉರೀತಿರೋ ಮನೆಗೆ ನೀರು ಹೊಡೆಯೋರ ಹಾಗೆ ನಿಂತಿದ್ದೀರಲ್ಲ. ಇದು ಎಂಜಿನ್ನು, ಅಂಗಳ ಅಲ್ಲ. ಇನ್ನೂ ಕಾದ ಹೆಂಚಿನ ಹಾಗಿದೆ. ನಂಬಿಕೆ ಇಲ್ವಾ? ಕೈ ಒಡ್ಡಿ ನೋಡಿ... ಮುಟ್ಟಿ ಅಂದೆನಾ ನಾನು? ಒಡ್ಡಿ ಅಂದೆ. ಸುಟ್ಟಿತಾ? ತೋರಿಸಿ. ಏನಾಗಿಲ್ಲ ಬಿಡಿ, ಅಲ್ಲೇ ನಲ್ಲಿ ಕೆಳಗೆ ಸ್ವಲ್ಪ ಹೊತ್ತು ಹಿಡೀರಿ.

ನೋಡಿದ್ರಲ್ಲ. ಅಷ್ಟು ಬಿಸಿ ಇರೋ ಕಬ್ಬಿಣದ ಮೇಲೆ ತಣ್ಣೀರು ಬಿದ್ರೆ ಅದು ಸುಮ್ಮನಿರುತ್ತಾ? ಬಿರುಕು ಬಿಡುತ್ತೆ. ಮನುಷ್ಯರೂ ಅಷ್ಟೇ, ಆದ್ರೆ ಅವರ ಬಿರುಕು ಹೊರಗೆ ಕಾಣಲ್ಲ. ಅದು ಬೇರೆ ಮಾತು. ತಣ್ಣಗಾಗಲಿ. ಮುಟ್ಟಿದ್ರೆ ಬೆಚ್ಚಗಿದೆ ಅನ್ನೋ ಹಾಗಾಗಲಿ, ಆಮೇಲೆ ಶುರು ಮಾಡೋಣ. ಈ ಕುರ್ಚಿ ಎಳ್ಕೊಳ್ಳಿ.

ಯಾಕೆ ನಗ್ತೀರಿ? ಡ್ರೈವಿಂಗ್ ಸ್ಕೂಲು ಶುರುವಾಯ್ತು ಅಂತಾನಾ? ನಗಿ ನಗಿ. ಈ ಊರಲ್ಲಿ ಸ್ಟಿಯರಿಂಗ್ ಹಿಡಿಯೋ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ನನ್ನ ಪಕ್ಕದ ಸೀಟಲ್ಲಿ ಕೂತು ಬೈಸಿಕೊಂಡೋರೇ. ಅವರಲ್ಲಿ ಒಬ್ಬಳೂ ಕಾದ ಎಂಜಿನ್ನಿಗೆ ನೀರು ಹೊಡೆದಿಲ್ಲ. ನಾನು ಮೊದಲನೇ ದಿನ ಬಾನೆಟ್ ಎತ್ತಿಸ್ತಿದ್ದೆ, ಎರಡನೇ ದಿನ ಸ್ಟಾರ್ಟ್ ಮಾಡಿಸ್ತಿದ್ದೆ. ಮೊದಲು ಒಳಗೆ ಏನಿದೆ ಅಂತ ನೋಡಿ, ಆಮೇಲೆ ಓಡಿಸಿ ಅಂತ. ನಿಮ್ಮದು ಉಲ್ಟಾ. ಮದುವೆ ಆದಾಗಿಂದ ಓಡಿಸ್ತಾ ಇದ್ದೀರಿ, ಬಾನೆಟ್ ಎತ್ತಿದ್ದು ಇವತ್ತೇ ಮೊದಲು.

ಕಾರಿನ ಬಗ್ಗೆ ಹೇಳಿದ್ದು, ಕಾರಿನ ಬಗ್ಗೆ. ಮುಖ ಯಾಕೆ ಹಾಗೆ ಮಾಡ್ಕೋತೀರಿ.

ನಾನೇನು ಅನ್ಯಾಯದ ಮಾತು ಆಡಿದ್ನಾ ಹೇಳಿ. ಬೆಳಿಗ್ಗೆ ಬಂದ್ರಿ, ಗೇಟು ತೆಗೆಸಿದ್ರಿ, 'ಅತ್ತೆ, ಅವಳನ್ನ ಕರ್ಕೊಂಡು ಹೋಗೋಕೆ ಬಂದೆ' ಅಂದ್ರಿ. ಬೇಡ ಅಂದ್ನಾ? ಬನ್ನಿ ಅಂದೆ, ಕೂತ್ಕೊಳ್ಳಿ ಅಂದೆ. ಅಷ್ಟರಲ್ಲಿ ಗಾಡಿಯಿಂದ ಸುಟ್ಟ ವಾಸನೆ ಬಂತೋ ಇಲ್ವೋ? ಬಾನೆಟ್ ಎತ್ತಿದ್ರೆ ಏನು ಕಾಣಿಸ್ತು? ಎಲೆ, ಹತ್ತಿ, ಕಾಗದದ ಚೂರು, ಇಲಿ ಸಂಸಾರ ಹೂಡಿ ಹೋದ ಗೂಡು. ಅದರ ಮೇಲೆ ಎಣ್ಣೆ ಸೋರಿ ಸೋರಿ ಕಪ್ಪಗೆ ಅಂಟಿರೋ ಜಿಡ್ಡು. ಆ ಒಣಗಿದ ಎಲೆ ಬಿಸಿ ಕೊಳವೆ ಪಕ್ಕದಲ್ಲೇ ಇದೆ. ಇನ್ನೊಂದು ದೊಡ್ಡ ಏರು ಹತ್ತಿದ್ದಿದ್ರೆ ಹೊಗೆ ಅಲ್ಲ, ಬೆಂಕಿ ಬರ್ತಿತ್ತು. ಇಂಥ ಗಾಡೀಲಿ ನನ್ನ ಮಗಳನ್ನ ಕೂರಿಸಿ ಟಾಟಾ ಮಾಡ್ಲಾ? ಇಲ್ಲೇ ಕ್ಲೀನ್ ಮಾಡಿ, ಆಮೇಲೆ ಯಾರನ್ನ ಬೇಕಾದ್ರೂ ಕೂರಿಸ್ಕೊಂಡು ಹೋಗಿ ಅಂದೆ. ನೀವೂ ಒಪ್ಕೊಂಡ್ರಿ. ಒಪ್ಕೊಂಡ ಮೇಲೆ ಮುಗೀತು.

ಹೊರಗೆ ನೋಡಿದ್ರೆ ಕನ್ನಡಿ. ಮುಖ ನೋಡ್ಕೊಂಡು ಗಡ್ಡ ಕೆರ್ಕೋಬಹುದು. ಒಳಗೆ ಸುವಾಸನೆ ಸೀಸೆ ಬೇರೆ ನೇತು ಹಾಕಿದ್ದೀರಿ. ಬಾಗಿಲ ಮೇಲೆ 'ನಿಧಾನವಾಗಿ ಹಾಕಿ' ಅಂತ ಚೀಟಿ. ಕಾಲೊರೆಸೋ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು, ಮೊದಲನೇ ಮ್ಯಾಟು ಕೊಳೆ ಆಗಬಾರದು ಅಂತ. ಮೇಲೆ ಥಳಕು, ಒಳಗೆ ಹುಳುಕು ಅನ್ನೋರು ನಮ್ಮಮ್ಮ. ಅವರು ಕಾರು ನೋಡಿರಲಿಲ್ಲ, ಪಾಪ, ಗಂಡಸರನ್ನ ನೋಡಿ ಹೇಳ್ತಿದ್ರು.

ಅವಳಾ? ಸ್ನಾನಕ್ಕೆ ಹೋಗಿದ್ದಾಳೆ. ಮಹಡಿ ಮೇಲೆ ನೀರು ಬೀಳೋ ಸದ್ದು ಕೇಳಿಸ್ತಿಲ್ವಾ? ತಲೆಗೆ ಸ್ನಾನ. ಆ ಕೂದಲು ತೊಳೆದು, ಒರೆಸಿ, ಸಿಕ್ಕು ಬಿಡಿಸೋದು ಅಂದ್ರೆ ಗಂಟೆಗಟ್ಟಲೆ ಕೆಲಸ. ನಿಮಗೆ ಗೊತ್ತಿರಬೇಕಲ್ಲ, ಗಂಡ ನೀವು.

ಹಾಂ, ಈಗ ತಣ್ಣಗಾಗಿದೆ. ಮೊದಲು ಬ್ಯಾಟರಿ. ತಗೊಳ್ಳಿ ಸ್ಪ್ಯಾನರು. ಮೈನಸ್ ತಂತಿ ಮೊದಲು ಬಿಚ್ಚಬೇಕು, ಕಪ್ಪು ಬಣ್ಣದ್ದು. ಕೆಂಪಗಿರೋದನ್ನ ಮುಟ್ಟಬೇಡಿ. ಎಡಕ್ಕೆ ತಿರುಗಿಸಿ... ನಿಮ್ಮ ಎಡಕ್ಕೆ, ನನ್ನ ಎಡಕ್ಕಲ್ಲ. ಬಂತಾ? ಆ ತುದಿಯನ್ನ ಪಕ್ಕಕ್ಕೆ ಸರಿಸಿ, ಬಟ್ಟೆ ಸುತ್ತಿ ಇಡಿ, ತಾನಾಗೇ ಹೋಗಿ ಮತ್ತೆ ತಾಗಬಾರದು. ಅಷ್ಟೇ. ಈಗ ಇದು ಬರೀ ಕಬ್ಬಿಣ. ಬೀಗದ ಕೈ ತಿರುಗಿಸಿದ್ರೂ ಕೆಮ್ಮಲ್ಲ.

ಸ್ಪ್ಯಾನರು ಇಲ್ಲಿ ಕೊಡಿ. ನನ್ನ ಸ್ವೆಟರ್ ಜೇಬಲ್ಲಿ ಇರಲಿ. ಕೈಗೊಂದು ಕಾಲಿಗೊಂದು ಸಾಮಾನು ಬಿಸಾಕಿದ್ರೆ ಆಮೇಲೆ ಹುಡುಕೋರು ಯಾರು.

ಈಗ ಕಸ. ಒಣಗಿದ್ದನ್ನ ಒಣಗಿದ್ದಾಗಲೇ ತೆಗೀಬೇಕು. ನೀರು ಬಿದ್ರೆ ಎಲ್ಲ ಗಂಜಿ ಆಗಿ ಸಂದೀಲಿ ಸೇರ್ಕೊಳ್ಳುತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಇಲಿ ಗೂಡು ಅದು. ಬರಿಗೈಲಿ ಮುಟ್ಟೋ ಅಷ್ಟು ಬೀಗತನ ನಿಮಗೂ ಅದಕ್ಕೂ ಇಲ್ಲ. ಬ್ರಷ್ಷು ತಗೊಳ್ಳಿ. ಮೆತ್ತಗೆ. ವಯರು ಕಿತ್ತು ಬಂದ್ರೆ ಕ್ಲೀನ್ ಆಗಲ್ಲ, ಖಾಲಿ ಆಗುತ್ತೆ.

ಏನಂದ್ರಿ? ಖಾಲಿ ಅಂದಿದ್ದಕ್ಕೆ ನೆನಪಾಯ್ತಾ? ಮನೆ ಖಾಲಿ ಖಾಲಿ ಅನ್ನಿಸುತ್ತಾ... ಅಯ್ಯೋ ಪಾಪ. ಹಾಸಿಗೆ ಅಂಗಡಿ ಇಟ್ಟಿದ್ದೀರಲ್ಲ, ಇನ್ನೆರಡು ಹಾಸಿಗೆ ತಂದು ಹಾಸಿ, ತುಂಬಿದ ಹಾಗೆ ಕಾಣುತ್ತೆ. ಊರೋರಿಗೆಲ್ಲ ನಿದ್ದೆ ಮಾರ್ತೀರಿ. 'ಇದರ ಮೇಲೆ ಮಲಗಿದ್ರೆ ಮಗುವಿನ ಥರ ನಿದ್ದೆ ಬರುತ್ತೆ ಮೇಡಂ' ಅಂತ ನೀವು ಹೇಳೋದನ್ನ ನಾನೇ ಕೇಳಿದ್ದೀನಿ. ನನ್ನ ಮಗಳು ಇಲ್ಲಿಗೆ ಬಂದ ಮೊದಲನೇ ವಾರ ನಡುಮನೇಲಿ ಚಾಪೆ ಮೇಲೆ ಮಲಗಿದ್ಲು. ಹಾಸಿಗೆ ಕಂಡ್ರೆ ಆಗಲ್ಲಮ್ಮ ಅಂದ್ಲು.

ಕೈ ನಿಲ್ಲಿಸಬೇಡಿ, ಮಾತು ಕೇಳ್ತಾ ಕೆಲಸ ಮಾಡಬಹುದು.

ಹೌದು, ಆ ವಿಷಯ ಎತ್ತಬಾರದು ಅಂತಿದ್ದೆ. ನೀವೇ ಎತ್ತಿದ್ರಿ. ಎತ್ತಲಿಲ್ವಾ? ಸರಿ, ನಾನೇ ಎತ್ತಿದೆ ಅಂತಿಟ್ಕೊಳ್ಳಿ. ಅವಳು ಏನು ಕೆಲಸ ಕಲಿತೋಳು ಅಂತ ನಿಮಗೆ ನೆನಪಿದೆಯಾ? ಕಾಲು ಕಳ್ಕೊಂಡೋರಿಗೆ ಕಾಲು ಮಾಡೋಳು. ಇದೇ ಅಡುಗೆಮನೇಲಿ ನನ್ನ ಮೊಣಕಾಲಿಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೀತಿದ್ಲು. ಒಲೆ ಮೇಲಿನ ಹಾಲು ಉಕ್ಕಿ ಹೋಗ್ತಿದ್ರೂ ನಾನು ಅಲ್ಲಾಡೋ ಹಾಗಿರಲಿಲ್ಲ. 'ಅಮ್ಮ, ಅಲ್ಲಾಡಿದ್ರೆ ಆ ಮನುಷ್ಯ ಜೀವನಪೂರ್ತಿ ಕುಂಟ್ತಾನೆ' ಅನ್ನೋಳು. ಯಾವ ಮನುಷ್ಯ? ಇನ್ನೂ ಹುಟ್ಟಿರದ ಯಾವನೋ ರೋಗಿ. ಅಂಥವಳನ್ನ ದೊಡ್ಡಾಸ್ಪತ್ರೆಯೋರು ಕರೆದ್ರು. ಬೇರೆ ಊರು, ಒಪ್ಪಿದೆ. ವಾರಕ್ಕೊಂದು ಸಲ ಬಂದು ಹೋಗಬಹುದಿತ್ತು. ನೀವು ಏನು ಮಾಡಿದ್ರಿ?

ಹೇಳಿ, ನಿಮ್ಮ ಬಾಯಿಂದಲೇ ಕೇಳೋಣ.

ಬೇಡ ಬಿಡಿ. ನಾನೇ ಹೇಳ್ತೀನಿ. ಆಸ್ಪತ್ರೆಗೆ ಫೋನ್ ಮಾಡಿ, 'ನನ್ನ ಹೆಂಡತಿಗೆ ಹುಷಾರಿಲ್ಲ, ಅವಳು ಬರಲ್ಲ' ಅಂದ್ರಿ. ಅವಳಿಗೆ ಒಂದು ಮಾತು ಹೇಳದೆ. ನಿಮ್ಮ ದುರದೃಷ್ಟ ನೋಡಿ, ಅಲ್ಲಿನ ಡಾಕ್ಟರು ಒಳ್ಳೇ ಮನುಷ್ಯ. ಒಂದು ವಾರ ಬಿಟ್ಟು ಅವಳಿಗೇ ಫೋನ್ ಮಾಡಿ, 'ಹೇಗಿದ್ದೀಯಮ್ಮ ಈಗ, ಜ್ವರ ಬಿಟ್ಟಿತಾ' ಅಂತ ವಿಚಾರಿಸ್ಕೊಂಡ. ಅವಳು ಆಗ ನಿಮ್ಮ ಅಂಗಿಗೆ ಇಸ್ತ್ರಿ ಹಾಕ್ತಿದ್ಲಂತೆ. 'ಬಿಟ್ಟಿತು ಸರ್' ಅಂದ್ಲಂತೆ. ಇಸ್ತ್ರಿ ಮುಗಿಸಿ, ಮಡಿಸಿ, ಕಪಾಟಲ್ಲಿಟ್ಟು, ಬ್ಯಾಗು ತಗೊಂಡು ಇಲ್ಲಿಗೆ ಬಂದ್ಲು. ಕಾಲು ಕೊಡೋಳಿಗೇ ಅಡ್ಡಗಾಲು ಹಾಕಿದ್ರಲ್ಲ ಅಳಿಯಂದಿರೇ. ಹಾಸಿಗೆ ಮಾರೋರಿಗೆ ಇಷ್ಟೊಂದು ಚುರುಕು ಎಲ್ಲಿಂದ ಬಂತು ಅಂತ ನಾನು ಬೆರಗಾಗಿಬಿಟ್ಟೆ.

ಕೋಪ ಬಂತಾ? ಬರಲಿ. ಬ್ರಷ್ಷಿನ ಮೇಲೆ ತೋರಿಸಿ, ಜಿಡ್ಡು ಬೇಗ ಬಿಡುತ್ತೆ.

ಫೋನ್ ಯಾಕೆ ತೆಗೆದ್ರಿ? ಅವಳಿಗಾ? ಸ್ನಾನದ ಮನೆಗೆ ಯಾರಾದ್ರೂ ಫೋನ್ ತಗೊಂಡು ಹೋಗ್ತಾರಾ? ಸ್ವಿಚ್ ಆಫ್ ಅಂತಿದೆಯಾ... ಚಾರ್ಜ್ ಇಲ್ಲ ಅನ್ಸುತ್ತೆ. ನಿಮ್ಮ ಕೈ ನೋಡಿ, ಗ್ಲೌಸ್ ತುಂಬ ಇಲಿ ಕೂದಲು. ಆ ಕೈಲಿ ಫೋನ್ ಕಿವಿಗಿಡ್ತೀರಾ? ಒಳಗಿಡಿ. ನಾನೇ ಕೂಗ್ತೀನಿ ತಾಳಿ. ಏ ಮಗಳೇ, ಬೇಗ ಮುಗಿಸೇ, ಇಲ್ಲಿ ಒಬ್ರು ಕಾಯ್ತಿದ್ದಾರೆ. ಆಯ್ತಲ್ಲ? ನೀರಿನ ಸದ್ದಲ್ಲಿ ಕೇಳಿಸಿರಲ್ಲ. ಬರ್ತಾಳೆ.

ಕಸ ಎಲ್ಲ ಈ ಚೀಲಕ್ಕೆ ತುಂಬಿ. ಮನೆ ಮುಂದಿನ ತೊಟ್ಟಿಗೆ ಹಾಕಬೇಡಿ, ನಾಯಿ ಎಳೆದಾಡುತ್ತೆ. ಹಿಂದಿನ ಓಣಿ ತುದೀಲಿ ದೊಡ್ಡ ತೊಟ್ಟಿ ಇದೆ... ಬೇಡ, ಬೇಡ, ಇಲ್ಲೇ ಇಡಿ, ಆಮೇಲೆ ನಾನೇ ಹಾಕ್ತೀನಿ. ನೀವ್ಯಾಕೆ ಹೋಗ್ತೀರಿ, ಅಳಿಯನ ಕೈಲಿ ಕಸ ಹೊರೆಸಿದ್ರು ಅಂತ ಎದುರು ಮನೆ ಟೈಲರಮ್ಮ ಊರೆಲ್ಲ ಹೊಲಿದು ಕೊಡ್ತಾಳೆ. ಕೇಳಿ ಸ್ವಲ್ಪ... ಅಳಿಯಂದಿರೇ...

ಹೋದ್ರು. ಮಾತು ಕೇಳೋ ಜಾಯಮಾನವೇ ಅಲ್ಲ.

ಬಂದ್ರಾ. ಕಸ ಹಾಕೋಕೆ ಇಷ್ಟು ಹೊತ್ತಾ? ತೊಟ್ಟಿ ಹುಡುಕ್ಕೊಂಡು ಪಕ್ಕದೂರಿಗೆ ಹೋಗಿದ್ರೋ ಅಂದ್ಕೊಂಡೆ. ಯಾರಾದ್ರೂ ಸಿಕ್ಕಿದ್ರಾ ದಾರೀಲಿ? ಇಲ್ವಾ. ಸರಿ ಸರಿ. ಸುಮ್ಮನೆ ಕೇಳಿದೆ. ಟೀ ಮಾಡಿಟ್ಟಿದ್ದೀನಿ, ತಣ್ಣಗಾಗಿರುತ್ತೆ. ಹಾಗೇ ಕುಡೀತೀರಾ? ಕುಡೀರಿ. ಸಕ್ಕರೆ ಸಾಕಾ?

ತಲೆ ಆಡಿಸಿದ್ರೆ ಹೌದು ಅಂತಾನೋ ಇಲ್ಲ ಅಂತಾನೋ? ಆಯ್ತು.

ಈಗ ಮುಖ್ಯವಾದ ಕೆಲಸ. ನೀರು ತಾಗಬಾರದ್ದನ್ನೆಲ್ಲ ಮುಚ್ಚಬೇಕು. ಈ ಪ್ಲಾಸ್ಟಿಕ್ ಕವರುಗಳು ತಗೊಳ್ಳಿ, ಟೇಪು ಇಲ್ಲಿದೆ. ಇದು ಆಲ್ಟರ್ನೇಟರು, ಬ್ಯಾಟರಿಗೆ ಜೀವ ತುಂಬೋದು ಇದೇ. ಇದರ ಹೊಟ್ಟೇಲಿ ತಾಮ್ರದ ಸುರುಳಿ ಇದೆ, ನೀರು ಕುಡಿದ್ರೆ ಕೆಟ್ಟುಹೋಗುತ್ತೆ. ಮುಚ್ಚಿ. ಇದು ಫ್ಯೂಸ್ ಬಾಕ್ಸು, ಮುಚ್ಚಿ. ಇದು ಎಂಜಿನ್ ಉಸಿರಾಡೋ ಬಾಯಿ, ಏರ್ ಫಿಲ್ಟರಿನ ಹತ್ತಿರ. ಇದರೊಳಗೆ ನೀರು ಹೋದ್ರೆ, ಮೂಗಲ್ಲಿ ನೀರು ಹೋದ ಮನುಷ್ಯನ ಥರ ಸತ್ತೇ ಹೋಗುತ್ತೆ. ಬಿಗಿಯಾಗಿ ಕಟ್ಟಿ. ವಯರು ಬಂದು ಸೇರೋ ಈ ಜೋಡಣೆಗಳು... ಹಾಂ, ಅದಕ್ಕೂ ಸುತ್ತಿ. ಪರವಾಗಿಲ್ಲ, ಚೆನ್ನಾಗೇ ಕಟ್ತಿದ್ದೀರಿ. ಹಾಸಿಗೆಗೆ ಕವರು ಹಾಕಿ ಹಾಕಿ ಕೈ ಪಳಗಿದೆ.

ನಗಲಿಲ್ಲ ಈ ಸಲ.

ಇದನ್ನ ಅವಳಿಗೆ ಚಿಕ್ಕೋಳಿದ್ದಾಗಲೇ ಕಲಿಸಿದ್ದೆ ನಾನು. ಸ್ಟೂಲ್ ಮೇಲೆ ನಿಂತು ಬಗ್ಗಿ ನೋಡೋಳು. ಗೇರ್ ಹಾಕೋದು, ಹಿಮ್ಮುಖ ಓಡಿಸೋದು, ಇಕ್ಕಟ್ಟಲ್ಲಿ ನಿಲ್ಲಿಸೋದು, ಎಲ್ಲ ನನ್ನ ಗಾಡೀಲೇ. ನೀವು ಕಾರು ತಗೊಂಡ ಮೇಲೆ ಅವಳ ಕೈಗೆ ಎಷ್ಟು ಸಲ ಕೊಟ್ರಿ? 'ಕ್ಲಚ್ ಹಾಳಾಗುತ್ತೆ' ಅಂದ್ರಂತೆ. ಡ್ರೈವಿಂಗ್ ಸ್ಕೂಲಿನೋಳ ಮಗಳಿಗೆ. ಮೀನಿಗೆ ಈಜು ಬರಲ್ಲ ಅಂತ ನೀರು ಮುಚ್ಚಿಟ್ಟ ಹಾಗೆ.

ಏನಾದ್ರೂ ಅನ್ನಿ. ಇಷ್ಟು ಹೊತ್ತು ಅಷ್ಟೋ ಇಷ್ಟೋ ಮಾತಾಡ್ತಿದ್ರಲ್ಲ.

ಹೋಗ್ಲಿ. ಆ ಬಾಟಲಿ ಕೊಡಿ. ಎಣ್ಣೆ ಜಿಡ್ಡು ಬಿಡಿಸೋ ದ್ರಾವಣ. ಕೆಳಗಿಂದ ಮೇಲಕ್ಕೆ ಸಿಂಪಡಿಸಿ, ಮೇಲಿಂದ ಶುರು ಮಾಡಿದ್ರೆ ಇಳಿದು ಇಳಿದು ಪಟ್ಟೆ ಬೀಳುತ್ತೆ. ಕಣ್ಣಿಗೆ ಹಾರದ ಹಾಗೆ ನೋಡ್ಕೊಳ್ಳಿ, ಆ ಕನ್ನಡಕ ಹಾಕ್ಕೊಳ್ಳಿ. ಹೊರಗಿನ ಬಣ್ಣಕ್ಕೆ ತಾಗಿಸಬೇಡಿ. ನಿಮ್ಮ ಕನ್ನಡಿ ಮಬ್ಬಾಗುತ್ತೆ, ಆಮೇಲೆ ಗಡ್ಡ ಎಲ್ಲಿ ನೋಡ್ಕೋತೀರಿ. ಸ್ವಲ್ಪ ಹೊತ್ತು ನೆನೆಯೋಕೆ ಬಿಡಿ. ಒಣಗೋಕೆ ಬಿಡಬೇಡಿ, ನೆನೆಯೋಕೆ. ಎರಡಕ್ಕೂ ವ್ಯತ್ಯಾಸ ಇದೆ.

ನೆನೆಯೋವರೆಗೆ ಒಂದು ತಮಾಷೆ ಹೇಳ್ತೀನಿ ಕೇಳಿ. ಒಬ್ಬಳು ಬರ್ತಿದ್ಲು ಕಲಿಯೋಕೆ, ವಕೀಲರ ಹೆಂಡತಿ. ಅವಳ ಗಂಡ ಅವಸರ ಮಾಡ್ಕೊಂಡು ಎಂಜಿನ್ನನ್ನ ಪೆಟ್ರೋಲಲ್ಲಿ ಒರೆಸಿದ್ನಂತೆ. ಬೇಗ ಹೊಳೆಯುತ್ತೆ ಅಂತ. ಹೊಳೆಯಿತು. ಸ್ಟಾರ್ಟ್ ಮಾಡಿದ, ಇನ್ನೂ ಜಾಸ್ತಿ ಹೊಳೆಯಿತು. ಹುಬ್ಬು ಎರಡೂ ಸುಟ್ಟು ಹೋಗಿ, ಮೂರು ತಿಂಗಳು ಕೋರ್ಟಲ್ಲಿ ಯಾವಾಗಲೂ ಆಶ್ಚರ್ಯಪಟ್ಟೋನ ಥರ ಕಾಣ್ತಿದ್ದನಂತೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಇದಕ್ಕೂ ನಗಲ್ಲ. ಈ ಕಥೆಗೆ ನಗದೇ ಇರೋರನ್ನ ನಾನು ಇವತ್ತೇ ನೋಡಿದ್ದು.

ಉಜ್ಜಿ. ಮೂಲೆ ಮೂಲೆ. ಹಳೇ ಹಲ್ಲುಜ್ಜೋ ಬ್ರಷ್ಷು ಇದೆ ನೋಡಿ, ಸಂದಿಗೆ ಅದೇ ಸರಿ. ಹಾಂ. ಅಲ್ಲಿ ಇನ್ನೊಂದು ಸಲ. ಅಯ್ಯೋ, ನಿಮ್ಮ ಬಿಳಿ ಅಂಗಿ ಹೋಯ್ತು. ಅವಳು ಇಸ್ತ್ರಿ ಮಾಡಿದ್ದೇ ಇರಬೇಕು. ಅಲ್ವಾ? ನೀವೇ ಮಾಡ್ಕೊಂಡಿದ್ದಾ? ಕಾಲರ್ ನೋಡಿದಾಗಲೇ ಅಂದ್ಕೊಂಡೆ.

ಅವಳು ಈಗ ತಲೆ ಒರೆಸ್ಕೋತಿರ್ತಾಳೆ. ಆಮೇಲೆ ಬಟ್ಟೆ ತುಂಬಬೇಕಲ್ಲ. ಬರುವಾಗ ಒಂದು ಬ್ಯಾಗು ತಂದ್ಲು, ಇಲ್ಲಿ ಬಂದ ಮೇಲೆ ಎರಡಾಗಿದೆ. ಅದೂ ಇದೂ ಹುಡುಕ್ತಾಳೆ. ನಿಧಾನ. ನೀವು ಕೇಳಲಿಲ್ಲ ಅಂದ್ರೂ ನಾನೇ ಹೇಳ್ತಿದ್ದೀನಿ, ಕಾಯೋರಿಗೆ ಬೇಜಾರಾಗಬಾರದು ಅಂತ.

ನೀರು ಈಗ. ಪೈಪಿನ ಬಾಯಿಗೆ ಬೆರಳಿಟ್ಟು ರಭಸ ಮಾಡಬೇಡಿ. ಮಗುವಿಗೆ ಸ್ನಾನ ಮಾಡಿಸೋ ಹಾಗೆ, ಹರೀಬೇಕು, ಹೊಡೀಬಾರದು. ಚೆನ್ನಾಗಿದೆ. ಕೆಳಗೆ ಆ ಹಳೇ ಚಾಪೆ ಹಾಸಿದ್ದೀನಲ್ಲ, ಜಿಡ್ಡು ನೀರು ಅದರ ಮೇಲೆ ಬೀಳಲಿ, ಚರಂಡಿಗೆ ಹೋಗೋದು ಬೇಡ. ಈಗ ಬಟ್ಟೇಲಿ ಒರೆಸಿ. ಕವರು ಬಿಚ್ಚಿ, ಒಂದೊಂದೇ, ಅದರ ಮೇಲಿನ ನೀರು ಒಳಗೆ ಬೀಳದ ಹಾಗೆ ಮಡಚಿ ತೆಗೀರಿ.

ನೋಡಿ ಹೇಗಾಯ್ತು. ಇದೇ ಎಂಜಿನ್ನಾ ಅನ್ನಿಸ್ತಿದೆ. ಮೊದಲು ಎಲ್ಲ ಒಂದೇ ಕಪ್ಪು ಮುದ್ದೆ, ಈಗ ಯಾವುದು ಏನು ಅಂತ ಕಾಣ್ತಿದೆ. ಎಣ್ಣೆ ಎಲ್ಲಿಂದ ಸೋರ್ತಿದೆ ಅಂತಾನೂ ಕಾಣುತ್ತೆ. ಅಲ್ಲಿ, ಆ ಮುಚ್ಚಳದ ಅಂಚಲ್ಲಿ. ವಾಷರ್ ಬದಲಾಯಿಸಿದ್ರೆ ಸಾಕು, ದೊಡ್ಡ ರೋಗ ಅಲ್ಲ.

ಇನ್ನು ಆರಬೇಕು. ಬಾನೆಟ್ ತೆಗೆದೇ ಇರಲಿ, ಬಿಸಿಲು ಬೀಳಲಿ. ಪೂರ್ತಿ ಆರೋ ತನಕ ಬ್ಯಾಟರಿ ಜೋಡಿಸೋ ಹಾಗಿಲ್ಲ. ಒಂದು ಹನಿ ಎಲ್ಲೋ ಕೂತಿದ್ರೂ... ನಿಮಗೇ ಗೊತ್ತಲ್ಲ. ಕೂತ್ಕೊಳ್ಳಿ.

ಕೂತ್ಕೊಳ್ಳಿ ಅಂದೆ. ಒರೆಸಿದ್ದೇ ಒರೆಸ್ತಿದ್ದೀರಲ್ಲ, ಆ ಜಾಗದಲ್ಲಿ ಇನ್ನೇನೂ ಇಲ್ಲ.

ಸ್ಪ್ಯಾನರು ಕೇಳಲ್ವಾ? 'ಬೇಗ ಜೋಡಿಸಿ ಅತ್ತೆ, ಹೊತ್ತಾಯ್ತು' ಅನ್ನಲ್ವಾ? ನಾನು ಅದಕ್ಕೊಂದು ಉತ್ತರ ರೆಡಿ ಮಾಡ್ಕೊಂಡು ಕೂತಿದ್ದೀನಿ. ಕೇಳಿದ್ರೆ ಹೇಳಬಹುದು.

ಟೀ ಇನ್ನೊಂದು ಲೋಟ ತರ್ಲಾ? ಬೇಡ.

ಮೇಲೆ ನೀರಿನ ಸದ್ದು ನಿಂತೇ ಇಲ್ಲ, ಅದಾದ್ರೂ ಗಮನಿಸಿದ್ರಾ? ಇಷ್ಟು ಹೊತ್ತು ಯಾರಾದ್ರೂ ಸ್ನಾನ ಮಾಡ್ತಾರಾ? ಟ್ಯಾಂಕ್ ಖಾಲಿ ಆಗೋ ಹೊತ್ತಾಯ್ತು. ನಾನಾಗಿದ್ರೆ ಯಾವಾಗಲೋ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿರ್ತಿದ್ದೆ. ನೀವು ತಲೆ ಎತ್ತಿ ಕೂಡ ನೋಡ್ತಿಲ್ಲ.

ಮಾತಾಡಿ. ಬೈಯಿರಿ ಬೇಕಾದ್ರೆ. ಹೀಗೆ ಸುಮ್ಮನೆ ಬಗ್ಗಿ ನಿಂತ್ಕೊಂಡ್ರೆ ನನಗೆ ಏನಂತ ಹೇಳೋಕಾಗುತ್ತೆ.

ಸರಿ. ಅವಳು ಮೇಲಿಲ್ಲ. ನಲ್ಲಿ ನಾನೇ ಬಿಟ್ಟು ಬಂದಿದ್ದು, ಕೆಳಗೆ ಬಕೆಟ್ ಇಟ್ಟು. ನೀವು ಬಂದ ಕೂಡಲೇ ಅವಳನ್ನ ಹಿತ್ತಲಿಗೆ ಕಳಿಸಿದೆ, ಹೊತ್ತಾಗೋ ತನಕ ಅಲ್ಲೇ ಇದ್ದು ಹಿಂದಿನ ಓಣೀಲಿ ಹೋದ್ಲು. ಬಸ್ಸಿಗೆ. ಆ ಡಾಕ್ಟರಿಗೆ ಅವಳೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ್ಲು. ಜಾಗ ಇನ್ನೂ ಖಾಲಿ ಇದೆ, ನಾಳೆ ಬಂದು ಸೇರ್ಕೋ ಅಂದ್ರು. ನೀವು ಬರೋದು ನಮಗೆ ಗೊತ್ತಿರಲಿಲ್ಲ. ಗೇಟಲ್ಲಿ ನಿಮ್ಮ ಗಾಡಿ ಕಂಡ ಕೂಡಲೇ, ಇವರನ್ನ ಹೇಗಾದ್ರೂ ಒಂದು ಕಡೆ ಹಿಡಿದು ನಿಲ್ಲಿಸಬೇಕಲ್ಲ ಅಂತ... ಸುಟ್ಟ ವಾಸನೆ ಸುಳ್ಳಲ್ಲ, ಅದು ನಿಜವಾಗ್ಲೂ ಬಂತು. ಇಲಿ ಗೂಡು ನನ್ನ ಪುಣ್ಯ. ಬ್ಯಾಟರಿ ತೆಗೆಸಿದ್ದು ಮಾತ್ರ ಎರಡೂ ಕಾರಣಕ್ಕೆ. ಈಗ ಬಸ್ಸು ಎಷ್ಟೋ ದೂರ ಹೋಗಿರುತ್ತೆ. ಕೂಗಾಡಿ. ಎದುರು ಮನೆಗೆ ಕೇಳಿಸಿದ್ರೂ ಪರವಾಗಿಲ್ಲ.

ಕೂಗಲ್ಲ.

ಗಾಬರಿ ಕೂಡ ಆಗಲಿಲ್ಲ ನಿಮಗೆ. ಯಾವ ಬಸ್ಸು ಅಂತ ಕೇಳಲಿಲ್ಲ. ಬಟ್ಟೆ ಕೆಳಗಿಡಿ, ನನ್ನ ಮುಖ ನೋಡಿ. ಕಸ ಹಾಕಿ ಬಂದ ಮೇಲೆ ಒಂದೇ ಒಂದು ಸಲಾನೂ ನೀವು 'ಅವಳೆಲ್ಲಿ' ಅಂತ ಕೇಳಲಿಲ್ಲ. ಅಲ್ಲೀವರೆಗೆ ಐದು ನಿಮಿಷಕ್ಕೊಂದು ಸಲ ಕೇಳ್ತಿದ್ರಿ. ಆಮೇಲೆ ನಾನೇ ಒಬ್ಬಳೇ ಅವಳ ಕೂದಲು ಒರೆಸ್ತಾ, ಬ್ಯಾಗು ತುಂಬ್ತಾ ಕೂತಿದ್ದೆ.

ನೋಡಿದ್ರಿ ನೀವು ಅವಳನ್ನ.

ಎಲ್ಲಿ? ತೊಟ್ಟಿ ಹತ್ತಿರ... ಗೋಡೆ ಪಕ್ಕಕ್ಕೆ ನಿಂತ್ಕೊಂಡ್ರಾ? ಅವಳಿಗೆ ಕಾಣದ ಹಾಗೆ? ಅವಳು ತಿರುವು ದಾಟೋ ತನಕ?

ಮತ್ತೆ ಕರೀಬಹುದಿತ್ತಲ್ಲ. ಹತ್ತು ಹೆಜ್ಜೆ ಇಲ್ಲ ತೊಟ್ಟಿಗೂ ಆ ತಿರುವಿಗೂ. ಅವಳನ್ನ ಕರ್ಕೊಂಡು ಹೋಗೋಕೆ ತಾನೇ ಬೆಳಗಾಗೋ ಮೊದಲೇ ಎದ್ದು ಬಂದಿದ್ದು. ಯಾಕೆ ಕರೀಲಿಲ್ಲ?

ಏನು? ಜೋರಾಗಿ ಹೇಳಿ.

ಕರೆದಿದ್ರೆ ನಿಂತುಬಿಡ್ತಿದ್ಲು ಅಂತಾನಾ.

ಹೌದು. ನಿಂತುಬಿಡ್ತಿದ್ಲು. ನಿಮ್ಮ ಮುಖ ನೋಡಿದ್ರೆ ಬ್ಯಾಗು ಕೆಳಗಿಟ್ಟುಬಿಡ್ತಿದ್ಲು. ನೀವು ರೇಗಾಡ್ತೀರಿ, ರಂಪ ಮಾಡ್ತೀರಿ ಅಂತ ನಾನೇನೂ ಹೆದರಿರಲಿಲ್ಲ, ಅವಳಿಗೆ ಮಾತ್ರ ಹಾಗೆ ಹೇಳಿದೆ. 'ಅವರಿಗೆ ಹೇಳೇ ಹೋಗ್ತೀನಮ್ಮ, ಕಳ್ಳಿ ಥರ ಹೋಗಲ್ಲ' ಅಂತ ಅವಳು ಅಡುಗೆಮನೇಲಿ ಹಟ ಹಿಡಿದಿದ್ಲು. ಬಾಯಿಗೆ ಕೈ ಅಡ್ಡ ಇಟ್ಟು ಹೊರಗೆ ತಳ್ಳಿದೋಳು ನಾನು. ನೀವು ಏನು ಮಾಡ್ತೀರೋ ಅನ್ನೋ ಭಯ ಅಲ್ಲ ನನಗೆ, ಅವಳು ಕರಗಿಬಿಡ್ತಾಳೆ ಅನ್ನೋ ಭಯ. ಅದನ್ನ ಮುಚ್ಚಿಡೋಕೆ ಬೆಳಗಿನಿಂದ ಇಷ್ಟು ಮಾತಾಡಿದ್ದೀನಿ.

ನಿಮಗೂ ಅದು ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಗೊತ್ತಿದ್ದೂ ವಾಪಸ್ ಬಂದು ನನ್ನ ಕೈಲಿ ಅನ್ನಿಸ್ಕೋತಾ ಉಜ್ತಾ ನಿಂತ್ರಾ?

ಕೂತ್ಕೊಳ್ಳಿ. ಆ ಕುರ್ಚಿ ಒದ್ದೆ ಆಗಿದೆ, ಈ ಮೆಟ್ಟಿಲ ಮೇಲೆ ಕೂತ್ಕೊಳ್ಳಿ, ನನ್ನ ಪಕ್ಕ. ಕೈ ಹೀಗೆ ಕೊಡಿ, ಒರೆಸ್ತೀನಿ.

ಏನು ಕೇಳಿದ್ರಿ? 'ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ' ಅಂತಾನಾ?

ಹೇಳಿದ್ಲು. ಚಪ್ಪಲಿ ಹಾಕ್ಕೋತಾ ಹೇಳಿದ್ಲು. 'ಅವರನ್ನ ಜಾಸ್ತಿ ಆಡ್ಕೋಬೇಡಮ್ಮ. ಅವರು ತಿರುಗಿ ಏನೂ ಅನ್ನಲ್ಲ, ಎಲ್ಲ ಒಳಗೇ ಇಟ್ಕೋತಾರೆ' ಅಂತ.

ನಾನು ಹೂಂ ಅಂದಿದ್ದೆ.